ಊರಿಗೆಲ್ಲ ಅಣ್ಣ

ನನ್ನ ಅಣ್ಣನನ್ನು ಈಗ ಊರಿಗೆ ಊರೇ ಅಣ್ಣ ಎಂದು ಕರೆಯುತ್ತದೆ. ಬಸ್ಸಿನ ಕಂಡಕ್ಟರು ಕರೆಯುತ್ತಾನೆ, ಶಾಲೆಯ ಹೆಡ್‌ಮೇಡಂ ಕರೆಯುತ್ತಾರೆ, ಅವನಿಗಿಂತ ವಯಸ್ಸಿನಲ್ಲಿ ಎಷ್ಟೋ ದೊಡ್ಡವರಾದ ಮುದುಕರೂ ಕರೆಯುತ್ತಾರೆ. ಹುಟ್ಟಿದಾಗಿನಿಂದ ಹಾಗೆ ಕರೆಯುವ ಹಕ್ಕಿದ್ದವಳು ನಾನೊಬ್ಬಳೇ. ಅದನ್ನೂ ಬೀದಿಯಲ್ಲಿ ಹಂಚಿಬಿಟ್ಟ, ಪುಣ್ಯಾತ್ಮ.

ಹೊಟ್ಟೆಕಿಚ್ಚಾ ಎಂದು ಕೇಳಬೇಡಿ. ಹೌದು, ಹೊಟ್ಟೆಕಿಚ್ಚೇ. ಮುಚ್ಚಿಡುವಂಥದ್ದು ಏನಿದೆ ಅದರಲ್ಲಿ?

ಮೀಸೆ ಮೂಡುವ ಮೊದಲೇ ಬಾಟಲಿ ಹಿಡಿದವನು ತಲೆಯಲ್ಲಿ ಬಿಳಿಕೂದಲು ಕಂಡ ಮೇಲೆ ಬಿಟ್ಟ. ನಡುವೆ ಮಾತ್ರೆಗಳಿದ್ದವು, ಮೂಸುವ ಅಂಟಿತ್ತು, ಕೈಗೆ ಸಿಕ್ಕಿದ್ದೆಲ್ಲ ಇತ್ತು. ಆ ವರ್ಷಗಳಲ್ಲೆಲ್ಲ ನಾನು ಏನು ಮಾಡುತ್ತಿದ್ದೆ? ಓದುತ್ತಿದ್ದೆ. ಫೀಸು ಕಟ್ಟಲು ಪಕ್ಕದ ಮನೆ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ. ಅವನು ಎಲ್ಲೋ ಬಿದ್ದಿದ್ದಾನೆ ಎಂದು ಸುದ್ದಿ ಬಂದರೆ ಹೋಗಿ ಎತ್ತಿಕೊಂಡು ಬರುತ್ತಿದ್ದೆ. ಒಂದು ದಿನ ಅವನು ಆಸ್ಪತ್ರೆಯಿಂದ ನೆಟ್ಟಗೆ ನಡೆದುಕೊಂಡು ಮನೆಗೆ ಬಂದ. ಅವತ್ತಿನಿಂದ ಅಮ್ಮನ ಪಾಲಿಗೆ ಅವನೊಬ್ಬನೇ ಮಗು. ಹಾಲಿನ ಕೆನೆ ಅವನಿಗೆ, ಕಿಟಕಿ ಪಕ್ಕದ ಕುರ್ಚಿ ಅವನಿಗೆ. ಒಂದು ಸಲವೂ ದಾರಿ ತಪ್ಪದವಳಿಗೆ ಪಾತ್ರೆ ತೊಳೆಯುವ ಕೆಲಸ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎನ್ನುತ್ತಾರಲ್ಲ, ಆ ಸುಣ್ಣದ ಕಣ್ಣು ನಾನು.

ಈಗ ಅವನ ಕೆಲಸ ಶಾಲೆಗಳಿಗೆ ಹೋಗಿ ತನ್ನ ಕತೆ ಹೇಳುವುದು. ಬಿಳಿ ಅಂಗಿ ತೊಟ್ಟು ವೇದಿಕೆಗೆ ಬರುತ್ತಾನೆ. ಸ್ವಲ್ಪ ಹೊತ್ತು ಮಾತೇ ಆಡುವುದಿಲ್ಲ. ಆಮೇಲೆ ಎರಡೂ ಕೈ ಮುಂದೆ ಚಾಚುತ್ತಾನೆ. ಅವು ಇಂದಿಗೂ ಸಣ್ಣಗೆ ನಡುಗುತ್ತವೆ. "ಈ ಕೈಯಲ್ಲಿ ನನ್ನ ತಾಯಿ ಬಳೆ ಮಾರಿದೀನಿ" ಎನ್ನುತ್ತಾನೆ. ಅಷ್ಟಕ್ಕೇ ಅರ್ಧ ಸಭಾಂಗಣ ಮೂಗೊರೆಸಿಕೊಳ್ಳುತ್ತದೆ. ಕೆಟ್ಟ ಗೆಳೆಯರು ಹೇಗೆ ಎಳೆದುಕೊಂಡು ಹೋದರು, ತಾಯಿ ಬಾಗಿಲಲ್ಲಿ ಕೂತು ಹೇಗೆ ಕಾದರು, ಬೀದಿನಾಯಿಯೊಂದು ಅವನ ಪಕ್ಕ ಮಲಗಿ ಹೇಗೆ ಚಳಿ ಕಳೆಯಿತು, ಎಲ್ಲ ಹೇಳುತ್ತಾನೆ. ಒಮ್ಮೆ ಹಿಂದಿನ ಸಾಲಲ್ಲಿ ಕೂತು ನಾನೂ ಕೇಳಿದೆ. ಬಾಗಿಲಲ್ಲಿ ಕೂತು ಕಾದವಳು ನಾನು. ಅಮ್ಮ ಒಳಗೆ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದಳು. ಆ ಕತೆಯಲ್ಲಿ ನಾಯಿಗೆ ಪಾತ್ರವಿದೆ, ತಂಗಿಗಿಲ್ಲ. ಆದರೂ ನನ್ನ ಕಣ್ಣಲ್ಲಿ ನೀರು ಬಂತು. ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ನನ್ನ ಕೆಲಸದ ಬಗ್ಗೆ ಯಾರೂ ಅಳುವುದಿಲ್ಲ. ಚುನಾಯಿತ ಸದಸ್ಯರ ಒಂದು ಸಮಿತಿಯಿದೆ. ಶಾಲೆ, ಆರೋಗ್ಯ, ಮಕ್ಕಳು ಅದರ ಸುಪರ್ದಿಗೆ ಬರುತ್ತವೆ. ಮಕ್ಕಳು ಕುಡಿತಕ್ಕೆ, ಮತ್ತಿನ ಮಾತ್ರೆಗೆ ಬೀಳದಂತೆ ಏನು ಮಾಡಬೇಕು ಎಂದು ಆ ಸದಸ್ಯರು ಯೋಚಿಸುವಾಗ, ಅದರ ಬಗ್ಗೆ ವಿಜ್ಞಾನಿಗಳು ಏನು ಕಂಡುಕೊಂಡಿದ್ದಾರೆ ಎಂಬುದನ್ನು ಅವರ ಮೇಜಿಗೆ ತಲುಪಿಸುವುದು ನಮ್ಮ ಕಚೇರಿಯ ಕೆಲಸ. ಕಚೇರಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ, ನಾನು, ಮತ್ತು ನಮ್ಮ ಹಿರಿಯರು. ಹಿರಿಯರಿಗೆ ಇಡೀ ಕಟ್ಟಡದಲ್ಲಿ ಒಂದ್ಪುಟ ಸಾರ್ ಎಂದೇ ಹೆಸರು. ಎಂಥ ಪ್ರಶ್ನೆಗೂ ಉತ್ತರ ಒಂದು ಪುಟ ದಾಟಬಾರದು. ಮೊದಲ ಸಾಲಲ್ಲೇ ಉತ್ತರ ಇರಬೇಕು. ಯಾವ ಕಡೆ ಕೈ ಎತ್ತಿ ಎಂದು ಸದಸ್ಯರಿಗೆ ನಾವು ಹೇಳುವಂತಿಲ್ಲ, ಏನು ಗೊತ್ತಿದೆ, ಎಷ್ಟು ಗಟ್ಟಿಯಾಗಿ ಗೊತ್ತಿದೆ, ಅಷ್ಟೇ ಹೇಳಬೇಕು. ಕೊನೆಯ ಸಾಲಲ್ಲಿ ಬರೆದವರಿಗೂ ವಿಷಯಕ್ಕೂ ಸಂಬಂಧವಿದ್ದರೆ ಅದನ್ನು ಬಿಚ್ಚಿ ಬರೆಯಬೇಕು.

ಇಂಥ ನನ್ನ ಮೇಜಿಗೆ ಒಂದು ಬೆಳಿಗ್ಗೆ ಸಮಿತಿಯ ಪ್ರಶ್ನೆ ಬಂದು ಬಿತ್ತು. ಶಾಲೆಗಳಿಗೆಂದು ಎತ್ತಿಟ್ಟ ಹಣ ಒಂದೇ ಕಾರ್ಯಕ್ರಮಕ್ಕೆ ಸಾಲುತ್ತದೆ. ಒಂದು, 'ಅಣ್ಣ'ನ ಭಾಷಣಗಳನ್ನು ಎಲ್ಲ ಶಾಲೆಗಳಿಗೂ ಒಯ್ಯುವುದು. ಇನ್ನೊಂದು, ಒಂದನೇ ತರಗತಿಯ ಮಕ್ಕಳಿಗೆ ಮೇಷ್ಟ್ರುಗಳು ಆಡಿಸುವ ಒಂದು ಗುಂಪಾಟ. ಯಾವುದು ಮಕ್ಕಳನ್ನು ವ್ಯಸನದಿಂದ ದೂರ ಇಡುತ್ತದೆ, ಸಂಶೋಧನೆ ಏನು ಹೇಳುತ್ತದೆ?

ಉತ್ತರ ನನಗೆ ಬಾಯಿಪಾಠ. ಭಾಷಣ ಕೇಳಿ ಅತ್ತ ಮಕ್ಕಳು ಅಳದ ಮಕ್ಕಳಿಗಿಂತ ಕಡಿಮೆಯೇನೂ ಕುಡಿಯುವುದಿಲ್ಲ. ಕೆಲವು ಕಡೆ ಭಾಷಣವಾದ ಮೇಲೆ ಕುತೂಹಲ ಹೆಚ್ಚಾದದ್ದೂ ಇದೆ. ಗುಂಪಾಟದಲ್ಲಿ ಕುಡಿತದ ಮಾತೇ ಇಲ್ಲ. ಕಾಯುವುದು, ಸೋಲುವುದು, ಕೋಪ ಬಂದಾಗ ಕೈಕಟ್ಟಿ ಕೂರುವುದನ್ನು ಆ ಪುಟ್ಟ ಮಕ್ಕಳು ಆಡುತ್ತಾ ಕಲಿಯುತ್ತಾರೆ. ಅವರು ಬೆಳೆದು ದೊಡ್ಡವರಾಗುವ ತನಕ ಬೆನ್ನು ಹತ್ತಿ ನೋಡಿದವರಿದ್ದಾರೆ. ಹಾಗೆ ಆಡಿದವರಲ್ಲಿ ಬಾಟಲಿ ಹಿಡಿದವರು ಕಡಿಮೆ.

ಎರಡೂ ಕೈಯಲ್ಲಿ ಲಾಡು ಸಿಕ್ಕವಳಂತೆ ಕುಣಿದಾಡಬೇಕಿತ್ತು ನಾನು. ಜೀವನದಲ್ಲಿ ಮೊದಲ ಸಲ ಅಣ್ಣನ ಚಪ್ಪಾಳೆಗೆ ಕತ್ತರಿ ಹಾಕುವ ಅವಕಾಶ, ಅದೂ ವಿಜ್ಞಾನದ ಹೆಸರಿನಲ್ಲಿ! ಒಂದು ಕ್ಷಣ ಕುಣಿದೆ ಕೂಡ, ಮನಸ್ಸಿನಲ್ಲಿ. ಆಮೇಲೆ ಹೆದರಿಕೆಯಾಯಿತು. ಇದನ್ನು ಹೇಳುತ್ತಿರುವುದು ಸಂಶೋಧನೆಯೋ, ನನ್ನ ಹೊಟ್ಟೆಯುರಿಯೋ?

ಒಂದ್ಪುಟ ಸಾರ್ ಬಳಿ ಹೋದೆ. "ಸಾರ್, ಅವನು ನನ್ನ ಒಡಹುಟ್ಟಿದವನು. ಬೇರೆ ಯಾರಾದ್ರೂ ಬರೀಲಿ."

ಅವರು ಕೆನ್ನೆ ಹಿಡಿದುಕೊಂಡು ಕೂತಿದ್ದರು, ಹಲ್ಲುನೋವು. "ಬೇರೆ ಯಾರಮ್ಮಾ ಇದ್ದಾರೆ ಇಲ್ಲಿ? ನಾನು ಹಲ್ಲು ಕೀಳಿಸ್ಕೊಳ್ಳೋಕೆ ಹೊರಟಿದ್ದೀನಿ. ಬರಿ, ಕೆಳಗೆ ಸಂಬಂಧ ಹಾಕು. ನಾನು ನೋಡಿದ ಮೇಲೆ ಕಳಿಸೋಣ."

ಬರೆಯಲು ಕೂತೆ. ಮೊದಲ ಸಾಲು ಖಡಕ್ಕಾಗಿ ಬಂತು. ಓದಿ ನೋಡಿದರೆ ಪಕ್ಕಾ ಹೊಟ್ಟೆಕಿಚ್ಚಿನ ವಾಸನೆ. ಅಳಿಸಿದೆ. ಸ್ವಲ್ಪ ಮೆತ್ತಗೆ ಬರೆದೆ. ಅದೂ ಚುಚ್ಚುವಂತೆ ಕಂಡಿತು, ಅಳಿಸಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಕತೆ ನನ್ನದು. ಪ್ರತಿ ಪದಕ್ಕೂ ಹೆಗಲು ಮುಟ್ಟಿಕೊಂಡೆ. ಕೊನೆಗೆ ಭಾಷಣಗಳ ಬಗ್ಗೆ ಉಳಿದದ್ದು ಇಷ್ಟೇ: 'ಈ ನಿಟ್ಟಿನಲ್ಲಿ ಹೆಚ್ಚಿನ ಅಧ್ಯಯನದ ಅಗತ್ಯವಿದೆ.' ನಮ್ಮ ಕಸುಬಿನವರು ನಿದ್ದೆಗಣ್ಣಲ್ಲೂ ಬರೆಯಬಲ್ಲ ವಾಕ್ಯ ಅದು. ಯಾರಿಗೂ ನೋವಾಗದು, ಯಾರೂ ತಪ್ಪು ಹಿಡಿಯರು. ಕೆಳಗೆ 'ಭಾಷಣಕಾರರು ಬರೆದವರ ಅಣ್ಣ' ಎಂದು ಸೇರಿಸಿದೆ. ಸಮಿತಿಯ ಕಚೇರಿಯಿಂದ ಇನ್ನೂ ಬಂದಿಲ್ಲ, ಇನ್ನೂ ಬಂದಿಲ್ಲ ಎಂದು ಫೋನಿನ ಮೇಲೆ ಫೋನು. ಸಾರ್ ಬಾಯಲ್ಲಿ ಹತ್ತಿ ತುಂಬಿಕೊಂಡು ಎಲ್ಲೋ ಕೂತಿದ್ದರು. ಕಳಿಸಿಬಿಟ್ಟೆ.

ಮರುದಿನ ಅವರು ಊದಿದ ಕೆನ್ನೆಯೊಂದಿಗೆ ಬಂದು ಪುಟ ಓದಿದರು. ಎರಡು ಸಲ ಓದಿದರು.

"ಹೆಚ್ಚಿನ ಅಧ್ಯಯನ ಬೇಕು ಅಂತ ಬರೆದೋರ್ಯಾರು?"

"ನಾನೇ ಸಾರ್. ಸುಳ್ಳೇನಲ್ವಲ್ಲ ಅದು."

"ಸೂರ್ಯನ ಬಗ್ಗೆನೂ ಹೆಚ್ಚಿನ ಅಧ್ಯಯನ ಬೇಕು. ಹಾಗಂತ ಬಟ್ಟೆ ಒಣಗಿಸೋದು ನಿಲ್ಲಿಸ್ತೀವಾ? ಇದನ್ನ ಓದಿದ ಸದಸ್ಯರಿಗೆ ಏನು ಅರ್ಥ ಆಗುತ್ತೆ ಗೊತ್ತಾ? ಯಾರಿಗೂ ಏನೂ ಗೊತ್ತಿಲ್ಲ, ನಿಮಗೆ ಇಷ್ಟ ಬಂದೋರಿಗೆ ಕೊಡಿ ಅಂತ!"

ನನ್ನ ಮುಖ ನೋಡಿ ಅವರು ದನಿ ತಗ್ಗಿಸಿದರು. "ಅಣ್ಣನ ಮೇಲೆ ಕರುಣೆ ಬಂತಾ?"

"ಕರುಣೆನೂ ಇಲ್ಲ, ಮಣ್ಣೂ ಇಲ್ಲ ಸಾರ್. ಹೊಟ್ಟೆಕಿಚ್ಚಿಂದ ಬರೆದೆ ಅಂತಾರೇನೋ ಅಂತ ಹೆದರಿಕೆ ಆಯ್ತು."

"ಹಂಗಾದ್ರೆ ನಾಡಿದ್ದು ಸಭೇಲಿ ನೀನೇ ನಿಂತು ಸರಿ ಮಾಡು. ಬರೆದೋರೇ ತಿದ್ದಬೇಕು. ನನ್ನ ಬಾಯಿ ಇನ್ನೂ ತೆರೆಯಲ್ಲ."

ಸಭೆಯ ಹಿಂದಿನ ಸಂಜೆ ಮನೆಗೆ ಹೋದರೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಅವನೇ. ಅಮ್ಮ ತರಕಾರಿ ಹೆಚ್ಚುತ್ತಾ ಫೋನಿನಲ್ಲಿ ಅವನದೇ ಭಾಷಣ ಹಾಕಿಕೊಂಡಿದ್ದಳು. ಮಗ ಎದುರಿಗೇ ಕೂತಿದ್ದಾನೆ, ಆದರೂ ಫೋನಿನ ಮಗನ ಮಾತು ಕೇಳಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಈರುಳ್ಳಿಯ ನೆಪವೂ ಇಲ್ಲ, ಹೆಚ್ಚುತ್ತಿದ್ದದ್ದು ಸೌತೆಕಾಯಿ.

"ನನ್ ಬಗ್ಗೆ ಏನೋ ಬರೆದಿದೀಯಂತೆ" ಎಂದ ಅವನು, ನಗುತ್ತಲೇ.

"ನಿನ್ನ ಬಗ್ಗೆ ಅಲ್ಲ. ಭಾಷಣಗಳ ಬಗ್ಗೆ."

"ನಂಗೆ ಎರಡೂ ಒಂದೇ ಅಲ್ವೇನೇ?"

ನಾನು ಅಡುಗೆಮನೆಗೆ ಹೋದೆ. ಅಮ್ಮ ಹಿಂದೆಯೇ ಬಂದಳು. ಬಾಗಿಲು ಮರೆ ಮಾಡಿಕೊಂಡು ಪಿಸುಗುಟ್ಟಿದಳು.

"ಅವನ ಬಾಯಿಗೆ ಮಣ್ಣು ಹಾಕ್ಬೇಡ ಕಣೇ. ಬುಧವಾರ ಒಂದು ಶಾಲೆ, ಶುಕ್ರವಾರ ಒಂದು ಶಾಲೆ ಅಂತ ಅವನು ಬದುಕಿದಾನೆ. ಆ ಮಕ್ಕಳು ಮುಂದೆ ಕೂತಿರ್ತಾರಲ್ಲ, ಅವರ ಮುಂದೆ ನಾಚಿಕೆ ಆಗುತ್ತೆ ಅಂತ ಮುಟ್ಟದೆ ಇದಾನೆ. ಅದೊಂದನ್ನ ಕಿತ್ಕೊಂಡ್ರೆ ಮತ್ತೆ ಕುಡೀತಾನೆ. ಬರೆದಿಟ್ಕೋ."

"ಅದಕ್ಕೆ ಊರ ಮಕ್ಕಳ ಹಣ ಸುರೀಬೇಕಾ ಅಮ್ಮಾ? ಅವನು ಕುಡೀದೆ ಇರೋಕೆ?"

"ನಿಂಗೆ ಮೊದಲಿಂದ ಅವನನ್ನ ಕಂಡ್ರೆ ಆಗಲ್ಲ."

"ನಿಂಗೆ ಮೊದಲಿಂದ ನಾನು ಕಾಣೋದೇ ಇಲ್ಲ."

ಅಮ್ಮ ಬೆಪ್ಪಾಗಿ ನೋಡಿದಳು. "ನಿಂಗೇನಾಗಿದೆ? ನೀನು ಚೆನ್ನಾಗೇ ಇದೀಯಲ್ಲ!" ಎಂದಳು. ಅದೇ ನನ್ನ ಅಪರಾಧ. ಚೆನ್ನಾಗಿದ್ದೇನೆ. ಸುಡುವ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ ಬೆರಳು ಸುಟ್ಟುಕೊಂಡೆ. ಅದನ್ನೂ ಯಾರೂ ನೋಡಲಿಲ್ಲ.

ಅಂದರೆ ನಾಳೆ ನಾನು ಬಾಯಿ ಬಿಟ್ಟರೆ ಅಣ್ಣ ಬಿದ್ದಾನು, ಬಿಡದಿದ್ದರೆ ಯಾರ್ಯಾರ ಮನೆಯ ಮಕ್ಕಳೋ ಬಿದ್ದಾರು. ಅತ್ತ ದರಿ, ಇತ್ತ ಪುಲಿ. ಅಮ್ಮನ ಮಾತು ಸುಳ್ಳೆಂದು ಹೇಳುವ ಸಂಶೋಧನೆ ಯಾವುದೂ ನನ್ನ ಬಳಿ ಇರಲಿಲ್ಲ.

ಸಭಾಂಗಣ ಚಿಕ್ಕದು. ಉದ್ದನೆಯ ಮೇಜಿನ ಆ ಕಡೆ ಸದಸ್ಯರು, ಈ ಕಡೆ ನಾವು, ಹಿಂದೆ ಮಡಿಸುವ ಕುರ್ಚಿಗಳಲ್ಲಿ ಹೆಡ್‌ಮೇಷ್ಟ್ರುಗಳು, ಪತ್ರಿಕೆಯವರು, ತಾಯ್ತಂದೆಯರು. ಅಣ್ಣ ಒಳಗೆ ಬಂದಾಗ ಅರ್ಧ ಜನ ಎದ್ದು ನಿಂತರು. ನಾನು ಬಂದಾಗ ಒಬ್ಬರು ತಮ್ಮ ಕಾಲು ಸ್ವಲ್ಪ ಒಳಗೆಳೆದುಕೊಂಡರು, ಅಷ್ಟೇ.

ಅಧ್ಯಕ್ಷೆ ಹಿಂದೆ ಮೇಡಂ ಆಗಿ ಪಾಠ ಹೇಳಿದವರು. ಮೇಜು ತಟ್ಟಿದ ಕೂಡಲೇ ಎಲ್ಲರೂ ಬಾಯಿ ಮುಚ್ಚಿದರು. ಮೊದಲು ಮಾತಿಗಿಳಿದದ್ದು ದಪ್ಪ ಮೀಸೆಯ ಒಬ್ಬ ಸದಸ್ಯರು.

"ಈ ಆಟದ ಯೋಜನೇಲಿ ಕುಡಿತದ ಹೆಸರೇ ಇಲ್ವಲ್ರೀ! ಚಿಲ್ಟಾರಿಗಳು ಗುಂಪು ಕಟ್ಕೊಂಡು ಆಡಿದ್ರೆ ಕುಡಿತ ಹೇಗ್ರೀ ನಿಲ್ಲುತ್ತೆ?"

"ನಿಲ್ಲಿಸೋದಲ್ಲ ಸಾರ್" ಎಂದೆ. "ಶುರುವಾಗೋದೇ ಕಡಿಮೆ ಆಗುತ್ತೆ. ಆ ಮಕ್ಕಳು ದೊಡ್ಡೋರಾಗೋ ತನಕ ಕಾದು ನೋಡಿದಾರೆ."

"ಅದಿರ್ಲಿ. ಭಾಷಣದ ಬಗ್ಗೆ ಹೆಚ್ಚಿನ ಅಧ್ಯಯನ ಬೇಕು ಅಂತ ನೀವೇ ಬರೆದಿದೀರಿ. ಅಂದ್ರೆ ಯಾರಿಗೂ ಗೊತ್ತಿಲ್ಲ ಅಂತ ತಾನೆ? ನಂಗೆ ಗೊತ್ತಿದೆ. ನನ್ನ ಮಗ ಇವರ ಮಾತು ಕೇಳಿ ಬಂದು ಊಟ ಬಿಟ್ಟು ಅತ್ತಿದಾನೆ."

ಒಂದ್ಪುಟ ಸಾರ್ ನನ್ನ ಕಡೆ ನೋಡದೆ ತಮ್ಮ ಪೆನ್ನಿನ ಮುಚ್ಚಳ ತೆಗೆದು ಹಾಕಿದರು.

"ಆ ವಾಕ್ಯ ತಪ್ಪು ಸಾರ್" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಗೊತ್ತಿದೆ. ಚೆನ್ನಾಗೇ ಗೊತ್ತಿದೆ. ಮಕ್ಕಳು ಅಳ್ತಾರೆ, ಮರುದಿನ ಮರೀತಾರೆ. ಭಾಷಣ ಕೇಳಿದೋರಿಗೂ ಕೇಳದೋರಿಗೂ ಆಮೇಲೆ ವ್ಯತ್ಯಾಸ ಇರಲ್ಲ. ಕೆಲವು ಕಡೆ ಕೇಳಿದೋರೇ ಬೇಗ ಶುರು ಮಾಡಿದಾರೆ."

ಹಿಂದಿನ ಕುರ್ಚಿಗಳಲ್ಲಿ ಗುಸುಗುಸು ಎದ್ದಿತು. ಮೀಸೆ ಸದಸ್ಯರು ಪುಟದ ಕೊನೆಯ ಸಾಲನ್ನು ಬೆರಳಿನಿಂದ ಒತ್ತಿ ಹಿಡಿದು ಓದಿದರು. "'ಭಾಷಣಕಾರರು ಬರೆದವರ ಅಣ್ಣ.' ಓಹೋ! ಏನಮ್ಮಾ, ಅಣ್ಣನ ಹೆಸರು ಕಂಡು ಹೊಟ್ಟೆಕಿಚ್ಚಾ?"

ಎಲ್ಲರೂ ನಕ್ಕರು. ಪತ್ರಿಕೆಯವನಂತೂ ತಲೆ ಹಿಂದಕ್ಕೆ ಹಾಕಿ ನಕ್ಕ. ಇಷ್ಟು ವರ್ಷ ಹೆದರಿದ್ದು ಈ ಮಾತಿಗೇ ಅಲ್ಲವೇ?

"ಹೌದು ಸಾರ್, ಹೊಟ್ಟೆಕಿಚ್ಚೇ" ಎಂದೆ. "ಬೇಕಾದಷ್ಟಿದೆ. ಆದ್ರೆ ಈ ಲೆಕ್ಕ ಮಾಡಿದೋರು ನಾನಲ್ಲ, ನನ್ನಣ್ಣನ ಹೆಸರೂ ಕೇಳದೋರು. ನನ್ನ ಹೊಟ್ಟೆ ಉರೀತಿದೆ ಅಂತ ಅವರ ಲೆಕ್ಕ ತಪ್ಪಾಗಲ್ಲ."

ನಗು ನಿಂತಿತು. ಅಣ್ಣನ ಕಡೆ ನೋಡುವ ಧೈರ್ಯ ನನಗಿರಲಿಲ್ಲ. ನಮ್ಮ ಸಾಲಿನ ತುದಿಯಲ್ಲಿ, ಮೇಜಿನ ಮೇಲಿದ್ದ ಅವನ ಕೈಗಳು ಮಾತ್ರ ಕಾಣುತ್ತಿದ್ದವು.

ಅಧ್ಯಕ್ಷೆ ಕನ್ನಡಕ ತೆಗೆದಿಟ್ಟು ಅವನನ್ನೇ ಕೇಳಿದರು. "ಒಂದು ಮಾತು ಹೇಳಪ್ಪ. ನೀನು ಓದುವಾಗ ನಿಮ್ಮ ಶಾಲೆಗೆ ಯಾರಾದ್ರೂ ಹೀಗೆ ಬಂದು ಮಾತಾಡಿದ್ರಾ?"

ಅವನು ಸುಮ್ಮನಿದ್ದ. ವೇದಿಕೆಯ ಮೇಲಿನ ಮೌನ ನನಗೆ ಗೊತ್ತು, ಅದನ್ನು ಅವನು ಅಳತೆ ಮಾಡಿ ಇಡುತ್ತಾನೆ. ಇದು ಆ ಮೌನವಾಗಿರಲಿಲ್ಲ.

"ಬಂದಿದ್ರು" ಎಂದ. "ಒಬ್ಬರು ಬಂದಿದ್ರು. ಕೋಲು ಊರ್ಕೊಂಡು. ಅವರಿಗೆ ಕುರ್ಚಿ ತಂದು ಹಾಕಿದ್ದೇ ನಾನು. ಅವರ ಮಾತು ಕೇಳಿ ತುಂಬಾ ಅತ್ತೆ ಮೇಡಂ. ಎಲ್ಲ ಕಳ್ಕೊಂಡೆ, ಆಮೇಲೆ ಎದ್ದು ನಿಂತೆ ಅಂದ್ರು. ಎಲ್ಲರೂ ಚಪ್ಪಾಳೆ ಹೊಡೆದ್ರು. ಹೆಡ್‌ಮೇಷ್ಟ್ರು ಬಂದು ತಬ್ಕೊಂಡ್ರು. ನನ್ನ ತಲೇಲಿ ಉಳಿದದ್ದು ಅವರು ಬಿದ್ದದ್ದಲ್ಲ, ಎದ್ದದ್ದು. ಬಿದ್ರೂ ಏಳಬಹುದಲ್ಲ ಅಂತ ಧೈರ್ಯ ಬಂತು. ಒಬ್ಬ ಮನುಷ್ಯ ಕುಡಿತಕ್ಕೋಸ್ಕರ ಎಲ್ಲಾನೂ ಬಿಟ್ಟುಕೊಟ್ಟಿದಾನೆ ಅಂದ್ರೆ ಅದರಲ್ಲಿ ಏನೋ ಇರಬೇಕಲ್ಲ, ನೋಡೋಣ ಅನ್ನಿಸ್ತು. ಅದೇ ವಾರ ಮೊದಲನೇ ಸಲ ಕುಡಿದೆ. ಗೆಳೆಯರು ಯಾರೂ ಎಳ್ಕೊಂಡು ಹೋಗ್ಲಿಲ್ಲ. ನಾನೇ ಅವರನ್ನ ಎಳ್ಕೊಂಡು ಹೋದೆ."

ಇದನ್ನು ಅವನು ಯಾವ ವೇದಿಕೆಯಲ್ಲೂ ಹೇಳಿರಲಿಲ್ಲ. ನನಗೂ ಹೇಳಿರಲಿಲ್ಲ.

"ಈಗ ನನ್ನ ಭಾಷಣ ಆದ್ಮೇಲೆ ಮೂಲೇಲಿ ಒಂದಿಬ್ಬರು ಹುಡುಗರು ಕಾಯ್ತಿರ್ತಾರೆ" ಎಂದು ಅವನು ಮುಂದುವರಿಸಿದ. "ರುಚಿ ಹೆಂಗಿತ್ತಣ್ಣಾ ಅಂತ ಕೇಳ್ತಾರೆ. ಕಹಿ ಕಣ್ರೋ ಅಂತೀನಿ. ಅವರು ನಂಬಲ್ಲ. ಅವರ ಮುಖ ನೋಡಿದ್ರೆ ನಂದೇ ಮುಖ ಕಾಣುತ್ತೆ."

"ಹಾಗಾದ್ರೆ ನಾವೇನು ಮಾಡೋಣ?" ಎಂದರು ಅಧ್ಯಕ್ಷೆ.

"ನಂಗೆ ಗೊತ್ತಿಲ್ಲ ಮೇಡಂ. ನನ್ನ ತಂಗಿ ಹೇಳಿದ್ದು ಕೇಳಿ. ಅವಳು ಯಾವತ್ತೂ ಲೆಕ್ಕ ತಪ್ಪಿದೋಳಲ್ಲ."

ಚಪ್ಪಾಳೆ! ಮಡಿಸುವ ಕುರ್ಚಿಗಳು ಕಟಕಟನೆ ಸದ್ದು ಮಾಡುತ್ತಾ ಎಲ್ಲರೂ ಎದ್ದರು. ಮೀಸೆ ಸದಸ್ಯರು ಕಣ್ಣೊರೆಸಿಕೊಂಡು, ಮೇಜು ಸುತ್ತಿ ಬಂದು ಅವನನ್ನು ತಬ್ಬಿಕೊಂಡರು. ಸದಸ್ಯರೆಲ್ಲ ಕೈ ಎತ್ತಿದರು, ಹಣ ಒಂದನೇ ತರಗತಿಯ ಆಟಕ್ಕೆ ಹೋಯಿತು. ನಾನು ಗೆದ್ದೆ. ಗೆದ್ದವಳನ್ನು ಪತ್ರಿಕೆಯವನು ತೋಳು ಹಿಡಿದು "ಮೇಡಂ, ಸ್ವಲ್ಪ ಪಕ್ಕಕ್ಕೆ ಬರ್ತೀರಾ, ಅಣ್ಣಂದೊಂದು ಫೋಟೋ" ಎಂದು ಗೋಡೆಗೆ ಸರಿಸಿದ.

"ನಾವು ವರ್ಷಾನುಗಟ್ಟಲೆ ಹೇಳಿದ್ದು ನಿಮ್ಮಣ್ಣ ಎರಡು ಮಾತಲ್ಲಿ ಹೇಳಿಬಿಟ್ಟ" ಎಂದರು ಒಂದ್ಪುಟ ಸಾರ್, ಕಾಗದ ಜೋಡಿಸುತ್ತಾ.

"ಸಾರ್, ಅದು ಒಬ್ಬನ ಅನುಭವ! ಒಬ್ಬನ ಅನುಭವ ಪುರಾವೆ ಅಲ್ಲ ಅಂತ ತಾನೆ ನಾವು ಹೇಳ್ತಿರೋದು? ಕತೆ ಕೇಳಿ ತೀರ್ಮಾನ ಮಾಡ್ಬೇಡಿ ಅನ್ನೋದನ್ನೂ ಕತೆ ಕೇಳೇ ಒಪ್ಕೊಂಡ್ರಲ್ಲ ಇವರು!"

"ಗೊತ್ತು. ಜೋರಾಗಿ ಹೇಳ್ಬೇಡ."

ನನ್ನ ಹೊಟ್ಟೆಯೊಳಗೆ ಬೆಂಕಿ ಧಗಧಗ. ಸೋಲುವುದರಲ್ಲೂ ಅವನದೇ ಮೇಲುಗೈ. ನನ್ನ ಇಷ್ಟು ವರ್ಷದ ದುಡಿಮೆ ಅವನ ದೊಡ್ಡಗುಣಕ್ಕೆ ಸಾಕ್ಷಿಯಾಗಿ ಹೋಯಿತು. ಸಂಜೆ ಅಮ್ಮ ಇದನ್ನು ಕೇಳಿ ಏನೆನ್ನುತ್ತಾಳೆಂದು ಆಗಲೇ ಗೊತ್ತಿತ್ತು: 'ನೋಡ್ದ್ಯಾ ನಿಮ್ಮಣ್ಣನ ಮನಸ್ಸು!'

ಬೇಗ ಬೇಗ ಹೊರಗೆ ಬಂದೆ. ಅವನು ಯಾರ್ಯಾರ ಕೈಯನ್ನೋ ಬಿಡಿಸಿಕೊಂಡು ಹಿಂದೆಯೇ ಬಂದ.

"ನಿಲ್ಲೇ. ಬಸ್ ಸ್ಟಾಪ್ ತನಕ ಜೊತೆಗೆ ಬರ್ತೀನಿ."

"ಫೋಟೋ ಮುಗೀತಾ?"

ಅವನು ನಗಲಿಲ್ಲ. ಮುಖ ಬಿಳುಚಿಕೊಂಡಿತ್ತು. "ಬುಧವಾರದ ಶಾಲೆಯವರು ಅಲ್ಲೇ ಬಂದು, ಸದ್ಯಕ್ಕೆ ಬೇಡ ಅಣ್ಣಾ, ಅಂದ್ರು. ಶುಕ್ರವಾರದೋರು ಫೋನ್ ಮಾಡ್ತೀವಿ ಅಂದ್ರು. ಮಾಡಲ್ಲ."

ನಾನು ಎಂದಿನಂತೆ ಎಡಕ್ಕೆ ತಿರುಗಿದೆ. ಅವನು ಬಲಕ್ಕೆ ತಿರುಗಿದ.

"ಆ ಕಡೆ ಯಾಕೆ? ಸುತ್ತು ಅದು."

"ಬಾ, ಇಲ್ಲೇ ಹೋಗೋಣ."

"ಬಿಸಿಲಲ್ಲಿ ಯಾಕಣ್ಣ ಸುತ್ತಾಕ್ಕೊಂಡು..."

"ಆ ಮೂಲೇಲಿ ಒಂದು ಅಂಗಡಿ ಇದೆ ಕಣೇ."

"ಯಾವ ಅಂಗಡಿ? ಅಲ್ಲಿರೋದು ಔಷಧಿ ಅಂಗಡಿ, ಆಮೇಲೆ ಬೀಗ ರಿಪೇರಿಯೋನು."

"ಅವೆರಡರ ಮಧ್ಯೆ. ಹಸಿರು ಬಾಗಿಲು. ಬೋರ್ಡ್ ಇಲ್ಲ."

"ನೋಡೇ ಇಲ್ಲಪ್ಪ ನಾನು."

ಅವನು ನಡುರಸ್ತೆಯಲ್ಲೇ ನಿಂತುಬಿಟ್ಟ. ನನ್ನನ್ನು ಮೊದಲ ಸಲ ನೋಡುತ್ತಿರುವವನಂತೆ ನೋಡಿದ.

"ಎಷ್ಟು ವರ್ಷದಿಂದ ಇದೇ ರಸ್ತೇಲಿ ಕೆಲಸಕ್ಕೆ ಹೋಗ್ತಿದೀಯ?"

"ಕೆಲಸಕ್ಕೆ ಸೇರಿದಾಗಿಂದ."

"ದಿನಾ ಅದರ ಮುಂದೇನೇ ಹೋಗ್ತೀಯ. ನೋಡೇ ಇಲ್ಲ." ಅವನು ಆ ಮೂಲೆಗೆ ಬೆನ್ನು ಹಾಕಿ ನಿಂತ. "ನಂಗೆ ಈ ಊರಿನ ಸಾರಾಯಿ ಅಂಗಡಿ ಒಂದೊಂದೂ ಗೊತ್ತು. ಯಾವುದು ಯಾವಾಗ ತೆಗೀತಾರೆ, ಯಾರು ಸಾಲ ಕೊಡ್ತಾರೆ, ಬಸ್ಸಲ್ಲಿ ಯಾವ ಕಡೆ ಕಿಟಕಿಗೆ ಕೂತ್ರೆ ಯಾವುದು ಕಾಣುತ್ತೆ, ಎಲ್ಲ. ಬಿಟ್ಟು ಇಷ್ಟು ಕಾಲ ಆಯ್ತು, ಒಂದೂ ಮರೆತಿಲ್ಲ. ಮರೆಯೋಣ ಅಂದ್ರೂ ಆಗಲ್ಲ. ನೀನು ಕಣ್ಣು ಬಿಟ್ಕೊಂಡೇ ಅದರ ಮುಂದೆ ಹೋಗ್ತೀಯ, ನಿಂಗೆ ಔಷಧಿ ಅಂಗಡಿ ಕಾಣುತ್ತೆ, ಬೀಗದೋನು ಕಾಣ್ತಾನೆ, ಅದು ಮಾತ್ರ ಕಾಣಲ್ಲ. ಸುಳ್ಳು ಹೇಳಲ್ಲ, ನಿನ್ನ ಕಂಡ್ರೆ ನನ್ನ ಹೊಟ್ಟೆ ಉರಿಯುತ್ತೆ ಕಣೇ."

ನನ್ನನ್ನು ಕಂಡು ಒಬ್ಬರ ಹೊಟ್ಟೆ ಉರಿಯಬೇಕು, ಅದೂ ಅವನದೇ ಉರಿಯಬೇಕು ಎಂದು ನಾನು ಬಯಸದ ದಿನವಿರಲಿಲ್ಲ. ಈಗ ಉರಿಯುತ್ತಿತ್ತು, ಬಿಸಿಲಲ್ಲಿ, ನನ್ನೆದುರಿಗೇ. ನನಗೆ ಒಂಚೂರೂ ಸಂತೋಷವಾಗಲಿಲ್ಲ. ಮತ್ತೆ ಕುಡೀತಾನೆ ಎಂದು ಅಮ್ಮ ಹೇಳಿದ ಮಾತು ಮಾತ್ರ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಅವನ ತೋಳು ಹಿಡಿದುಕೊಂಡೆ. ಇಬ್ಬರೂ ಸುತ್ತುದಾರಿಯಲ್ಲೇ ಬಸ್ ಸ್ಟಾಪಿಗೆ ಹೋದೆವು. ಬಸ್ಸು ಬಂದಾಗ ಅವನು ಒಳಗೆ ನೋಡಿ, ಆ ಅಂಗಡಿಗಳು ಕಾಣದ ಕಡೆಯ ಕಿಟಕಿ ಖಾಲಿಯಿಲ್ಲವೆಂದು ನಿಂತೇ ಹೋದ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಔಷಧಿ ಅಂಗಡಿ ದಾಟಿದ ಮೇಲೆ ಹಸಿರು ಬಾಗಿಲು ಕಂಡಿತು. ಇಷ್ಟು ದೊಡ್ಡ ಬಾಗಿಲು ಇಷ್ಟು ವರ್ಷ ಹೇಗೆ ಕಾಣಲಿಲ್ಲವೋ! ಈಗ ರಸ್ತೆಯ ಆ ತುದಿಗೆ ಕಾಲಿಟ್ಟ ಕೂಡಲೇ ಕಾಣುತ್ತದೆ. ಬಸ್ಸಲ್ಲಿ ಕೂತರೂ ಒಂದಾದ ಮೇಲೊಂದು ಕಾಣುತ್ತವೆ, ಬೋರ್ಡ್ ಇದ್ದವೂ, ಇಲ್ಲದವೂ. ಅವನಿಗೆ ಹೊಟ್ಟೆಕಿಚ್ಚು ತಂದ ನನ್ನ ಆ ಒಂದು ಸುಖವನ್ನೂ ಕಿತ್ತುಕೊಂಡ, ಮಹಾರಾಯ.

ಬಾಗಿಲು ತೆರೆದಿದ್ದರೆ ನಿಂತು ಒಳಗೆ ಇಣುಕುತ್ತೇನೆ. ಒಳಗಿದ್ದವರು ಮೊದಮೊದಲು ಏನು ಬೇಕಮ್ಮ ಎಂದು ಕೇಳುತ್ತಿದ್ದರು, ಈಗ ಕೇಳುವುದಿಲ್ಲ. ಕತ್ತಲೆಗೆ ಕಣ್ಣು ಹೊಂದುವ ತನಕ ಒಂದೊಂದೇ ಮುಖ ನೋಡುತ್ತೇನೆ. ಇವತ್ತೂ ಅಣ್ಣ ಅಲ್ಲಿರಲಿಲ್ಲ.